ಏಳನೆಯ ಕಂಬದ ಬಳಿ

ಸೋಮವಾರ ಸಂಜೆ ಏಳು ಗಂಟೆ ದಾಟಿತ್ತು. ಸಿರಿಲ್ ಹೆಸ್‌ಕೆತ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಭಾನುವಾರದ ಬೂಟುಗಳಿಗೆ ಪಾಲಿಶ್ ಹಚ್ಚುತ್ತಿದ್ದ. ಹಿತ್ತಿಲ ಬಾಗಿಲು ಬಡಿಯದೆಯೇ ತೆರೆದುಕೊಂಡಿತು. ಆ ಬೀದಿಯಲ್ಲಿ ಮುಂಬಾಗಿಲಿನಿಂದ ಬರುವವರು ಡಾಕ್ಟರು, ಇಲ್ಲವೇ ಶವಪೆಟ್ಟಿಗೆ ಹೊರುವವರು; ಉಳಿದವರದೆಲ್ಲ ಹಿತ್ತಿಲ ದಾರಿ. ಬಂದವನು ಹೆರಾಲ್ಡ್ ಡಕ್‌ವರ್ತ್. ಕ್ರೇಕನ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವವನು. ಅದಕ್ಕೂ ಮೊದಲು ಸಿರಿಲನ ಜೊತೆ ನೇಯ್ಗೆ ಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವನು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಓಡಿಕೊಂಡು ಬಂದಿದ್ದ.

“ರೇಡಿಯೋ ಯಾಕೋ ಹಾಕಿಲ್ಲ? ಕಪ್ ಪಂದ್ಯದ ಚೀಟಿ ಎತ್ತೋದು ಕೇಳೋಕೆ ಊರೆಲ್ಲ ಕಿವಿ ಹಚ್ಚಿಕೊಂಡು ಕೂತಿದೆ, ನೀನು ಇಲ್ಲಿ ಬೂಟು ಉಜ್ಜುತ್ತಾ ಇದೀಯ!”

“ಮೊದಲು ಉಸಿರು ತಗೋ. ನಮ್ಗೆ ಎದುರಾಳಿ ಯಾರು ಬಂದ್ರು?”

“ಮಾರ್‌ಹ್ಯಾವನ್ ಸಿಟಿ ಕಣೋ! ಅದೂ ನಮ್ಮ ಮೈದಾನದಲ್ಲೇ! ನಮ್ಮ ಹೆಸರು ಮೊದಲು ಬಂತು, ಆಮೇಲೆ ಅವರದು. ಕ್ಲಬ್ಬಲ್ಲಿ ಡೊರೀನ್ ಕುರ್ಚಿ ಮೇಲೆ ಹತ್ತಿ ನಿಂತ್ಬಿಟ್ಲು.”

ಸಿರಿಲನ ಕೈಯ ಬ್ರಶ್ಶು ನಿಂತಿತು. ಮಾರ್‌ಹ್ಯಾವನ್ ಎಂದರೆ ಕ್ರೇಕನ್‌ಶಾಗಿಂತ ನಾಲ್ಕು ದರ್ಜೆ ಮೇಲಿನ ತಂಡ. ಅವರ ಮೈದಾನದಲ್ಲಿ ಕೂರುವ ಜನವನ್ನು ತಂದು ಸುರಿದರೆ ಕ್ರೇಕನ್‌ಶಾ ಎಂಬ ಊರೇ ಎರಡು ಸಲ ತುಂಬುತ್ತದೆ. ಅವರ ಆಟಗಾರರಿಗೆ ಆಟವೇ ಕಸುಬು. ಇಲ್ಲಿಯ ಮುಂಚೂಣಿ ಆಟಗಾರ ವಾರವೆಲ್ಲ ಮನೆಗಳ ಸೂರಿಗೆ ಹಂಚು ಕೂರಿಸುವವನು. ಗೋಲ್‌ಕೀಪರ್ ಅಂಚೆ ಹಂಚುವವನು. ಕಪ್ ಪಂದ್ಯಾವಳಿಯ ಕೃಪೆಯೇ ಅದು: ಅಂಚೆಯವನನ್ನೂ ಅರಸನನ್ನೂ ಒಂದೇ ಚೀಲಕ್ಕೆ ಹಾಕಿ ಕಲಕಿ, ಒಂದೇ ಅಂಗಳಕ್ಕೆ ಇಳಿಸುತ್ತದೆ. ಕ್ಲಬ್ಬು ಹುಟ್ಟಿ ನೂರಹತ್ತು ವರ್ಷಗಳಲ್ಲಿ ಇಂಥ ತಂಡ ಈ ಊರಿಗೆ ಕಾಲಿಟ್ಟಿರಲಿಲ್ಲ.

ಹೆರಾಲ್ಡ್ ಹಲ್ಲು ಬಿಟ್ಟು ನಗುತ್ತ, “ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಕ್ಲಬ್ಬಲ್ಲಿ ಎಲ್ರೂ ಹೇಳ್ತಿದಾರೆ, ಆ ಹೆಸ್‌ಕೆತ್ ಮುದುಕ ಮನೇಲೇ ಕೂರ್ಲಿ ಅಂತ. ನೀನು ಬರೋದು ನಿಲ್ಲಿಸಿದ್ಮೇಲೆ ಎರಡಕ್ಕೆ ಎರಡೂ ಗೆದ್ದಿದೀವಿ,” ಎಂದ. ಎಂದವನೇ, ಸಿರಿಲ್ ಯಾಕೆ ಬರುವುದನ್ನು ನಿಲ್ಲಿಸಿದ ಎಂಬುದು ನೆನಪಾಗಿ, ನಾಲಿಗೆ ಕಚ್ಚಿಕೊಂಡ. “ಅಯ್ಯೋ. ನನ್ನ ಬಾಯಿಗಿಷ್ಟು.”

ಸಿರಿಲ್ ನಕ್ಕುಬಿಟ್ಟ. ಹೆಂಡತಿ ಮೇವಿಸ್ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಆ ಮನೆಯೊಳಗೆ ಅಷ್ಟು ದಿನದಲ್ಲಿ ಕೇಳಿಬಂದ ಮೊದಲ ನಗು ಅದು. ಅವನಿಗೇ ತನ್ನ ದನಿ ಅಪರಿಚಿತವಾಗಿ ಕೇಳಿತು.

“ಬರ್ತೀನಿ ಹೆರಾಲ್ಡ್,” ಎಂದ. “ಈ ಪಂದ್ಯಕ್ಕೆ ಬರ್ತೀನಿ. ಅವಳ ಜಾಗದಲ್ಲಿ ನಿಂತ್ಕೋತೀನಿ.”

ಅವಳ ಜಾಗ ಯಾವುದು ಎಂದು ಕ್ರೇಕನ್‌ಶಾದಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಮೈದಾನದ ಒಂದು ಕಡೆಯ ಗೋಲಿನ ಹಿಂದೆ ಮೆಥಡಿಸ್ಟ್ ಪಂಥದವರ ಪುಟ್ಟ ಚರ್ಚು, ಚಾಪೆಲ್, ಇದೆ. ಅದರಿಂದಾಗಿ ಆ ಬದಿಗೆ ಚಾಪೆಲ್ ತುದಿ ಎಂದೇ ಹೆಸರು. ಅಲ್ಲಿ ತಗಡಿನ ಸೂರಿನ ಕೆಳಗೆ ಹನ್ನೊಂದು ಮೆಟ್ಟಿಲುಗಳು. ಜನ ಕೂರುವುದಿಲ್ಲ, ನಿಂತೇ ಆಟ ನೋಡುತ್ತಾರೆ. ಮುಂದಿನ ಮೆಟ್ಟಿಲಿಗೆ ಎದೆಯೆತ್ತರದ ಕಬ್ಬಿಣದ ಕಂಬಿ. ಕಂಬಿಯನ್ನು ಹೊತ್ತ ಕಂಬಗಳಲ್ಲಿ ಎಡದಿಂದ ಏಳನೆಯದರ ಬಳಿ ಮೇವಿಸ್ ನಲವತ್ತೊಂದು ವರ್ಷ ನಿಂತಿದ್ದಳು. ಅರ್ಧ ಆಟ ಮುಗಿದು ತಂಡಗಳು ತುದಿ ಬದಲಾಯಿಸಿದಾಗ, ತಮ್ಮವರು ಗೋಲು ಹೊಡೆಯುವ ಕಡೆಗೆ ಜನವೆಲ್ಲ ಚಹಾ ಹಿಡಿದು ನಡೆದುಹೋಗುತ್ತಿದ್ದರು. ಮೇವಿಸ್ ಮಾತ್ರ ಕದಲುತ್ತಿರಲಿಲ್ಲ. ಅವಳು ನಿಲ್ಲುವಲ್ಲಿಂದ ಎರಡೂ ತಂಡಗಳ ತರಬೇತುದಾರರ ಮುಖ ಕಾಣುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಮುಖ.

ಗಿರಣಿಯಲ್ಲಿ ಆರುನೂರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಪಕ್ಕದವರ ಕೂಗೂ ಕೇಳುವುದಿಲ್ಲ. ನೇಯುವ ಹೆಂಗಸರು ಹಾಗಾಗಿ ದನಿಯಿಲ್ಲದೆ, ತುಟಿಯನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಬೆಳಗಿನ ಏಳರಿಂದ ಸಂಜೆಯವರೆಗೆ ಊರಿನ ಮದುವೆ, ಬಸಿರು, ಜಗಳ ಎಲ್ಲವೂ ಆ ಗದ್ದಲದ ನಡುವೆ ತುಟಿಯಿಂದ ಕಣ್ಣಿಗೆ ದಾಟುತ್ತಿದ್ದವು. ಮಗ್ಗ ರಿಪೇರಿ ಮಾಡುವ ಮೇಸ್ತ್ರಿಯಾಗಿದ್ದ ಸಿರಿಲನಿಗೂ ಆ ವಿದ್ಯೆ ಹತ್ತಿತ್ತು. ಅವನು ಮೇವಿಸಳಿಗೆ ‘ನನ್ನನ್ನು ಮದುವೆಯಾಗ್ತೀಯಾ’ ಎಂದು ಕೇಳಿದ್ದೂ ಹಾಗೆಯೇ, ನಾಲ್ಕು ಮಗ್ಗಗಳ ಆಚೆಯಿಂದ. ಅವಳು ಉತ್ತರ ಕೊಡುವ ಮೊದಲು ಮೂವತ್ತು ಹೆಂಗಸರು ಅದನ್ನು ಓದಿಬಿಟ್ಟಿದ್ದರು.

ಗಿರಣಿ ಮುಚ್ಚುವ ಹೊತ್ತಿಗೆ ಮಗ್ಗಗಳ ಸದ್ದು ಅವಳ ಕಿವಿಯನ್ನು ತಿಂದುಹಾಕಿತ್ತು. ಆದರೆ ಕಣ್ಣು ಹದ್ದಿನದು. ಎಪ್ಪತ್ತು ಗಜ ದೂರದ ತುಟಿ ಓದುತ್ತಿದ್ದಳು. ರೆಫರಿ ಯಾರನ್ನು ಬೈದ, ಎದುರಾಳಿ ತರಬೇತುದಾರ ಏನು ಗುಟ್ಟು ಹೇಳಿದ, ಎಲ್ಲವೂ ಚಾಪೆಲ್ ತುದಿಗೆ ಆ ಕ್ಷಣವೇ ತಿಳಿಯುತ್ತಿತ್ತು. ಒಮ್ಮೆ ಎದುರು ತಂಡದ ನಾಲ್ಕನೇ ನಂಬರಿನವನು ತನ್ನವರಿಗೆ ಮಂಡಿ ನೋಯುತ್ತಿದೆ ಎಂದದ್ದನ್ನು ಓದಿ, “ನಾಲ್ಕರ ಮೇಲೆ ಓಡ್ರೋ! ಅವನ ಎಡಗಾಲು ಹೋಗಿದೆ!” ಎಂದು ಕೂಗಿದ್ದಳು. ಆ ದಿನ ಮೂರು ಗೋಲು ಬಿದ್ದವು. ಅಂದಿನಿಂದ ಕ್ರೇಕನ್‌ಶಾಗೆ ಬರುವ ತರಬೇತುದಾರರು ಬಾಯಿಗೆ ಅಂಗೈ ಅಡ್ಡ ಹಿಡಿದು ಮಾತಾಡುತ್ತಾರೆ ಎಂದು ಹೆರಾಲ್ಡ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಆಸ್ಪತ್ರೆಯ ಕೊನೆಯ ಶನಿವಾರ ಅವಳಿಗೆ ದನಿಯೂ ಇರಲಿಲ್ಲ. ತುಟಿ ಮಾತ್ರ ಅಲುಗಿತು. “ಗೆದ್ವಾ?”

ಅಂದು ಕಪ್ಪಿನ ಪಂದ್ಯವಿತ್ತು. ಆಗಿನ್ನೂ ಮಧ್ಯಾಹ್ನ ಎರಡೂವರೆ. ಆಟ ಶುರುವೇ ಆಗಿರಲಿಲ್ಲ. ಸಿರಿಲ್ ತುಟಿಯಲ್ಲೇ “ಗೆದ್ವಿ” ಎಂದ. ಅವಳು ಕಣ್ಣು ಮುಚ್ಚಿ ಮಲಗಿದಳು. ಸಂಜೆ ಐದಕ್ಕೆ ಸುಳ್ಳು ನಿಜವಾಯಿತು. ಬೆಳಗಿನ ಜಾವ ಅವಳು ಹೋದಳು. ಐವತ್ತು ವರ್ಷ ಚಾಪೆಲ್ಲಿನಲ್ಲಿ ಧರ್ಮೋಪದೇಶ ಮಾಡಿದ ಸಿರಿಲ್ ಆ ಒಂದು ಸುಳ್ಳಿಗಾಗಿ ಕರ್ತನಲ್ಲಿ ಕ್ಷಮೆ ಕೇಳಬೇಕೋ, ಕೃತಜ್ಞತೆ ಹೇಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದ.

ಚೀಟಿ ಎತ್ತಿದ ವಾರದ ಗುರುವಾರ ಡೊರೀನ್ ಪಿಲ್ಲಿಂಗ್ ಬಂದಳು. ಕ್ಲಬ್ಬಿನ ಕಾರ್ಯದರ್ಶಿ, ಅರವತ್ತರ ಹೆಂಗಸು. ಪಂದ್ಯದ ಟಿಕೆಟ್ಟು, ಆಟಗಾರರ ಬಟ್ಟೆ ಒಗೆತ, ಚಹಾದ ಹಂಡೆ, ಪೊಲೀಸರ ಕಾಗದ ಎಲ್ಲ ಅವಳ ತಲೆಯ ಮೇಲೆ. ಬಂದವಳು ಕೋಟು ಬಿಚ್ಚಲಿಲ್ಲ.

“ಸಿರಿಲ್, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗಬಾರದು ಅಂತ ನಾನೇ ಬಂದೆ. ಪೊಲೀಸರು, ಸುರಕ್ಷತೆಯವರು ಎಲ್ಲ ನೋಡ್ಕೊಂಡು ಹೋದ್ರು. ಮಾರ್‌ಹ್ಯಾವನ್‌ನಿಂದ ಸಾವಿರದ ಇನ್ನೂರು ಜನ ಬರ್ತಾರೆ. ಅವರನ್ನ ನಮ್ಮವರ ಜೊತೆ ಸೇರಿಸೋ ಹಾಗಿಲ್ಲ. ಬೇರೆ ಗೇಟು ಇರೋದು ಒಂದೇ ಕಡೆ.”

“ಚಾಪೆಲ್ ತುದಿ.”

“ಹೂಂ. ಪೂರ್ತಿ ಅವರಿಗೇ ಕೊಡ್ಬೇಕಂತೆ. ನಮ್ಮವರು ಒಬ್ಬರೂ ಆ ಕಡೆ ಕಾಲಿಡೋ ಹಾಗಿಲ್ಲ.” ಅವಳು ಕೈಚೀಲದಿಂದ ಒಂದು ಟಿಕೆಟ್ಟು ತೆಗೆದು ಮೇಜಿನ ಮೇಲಿಟ್ಟಳು. “ಇದು ಕುರ್ಚಿ ಸಾಲಿನ ನಟ್ಟನಡುವಿನದು. ಮೇಯರ್ ಪಕ್ಕ. ಕಾಲಿಗೆ ಕಂಬಳಿನೂ ಕೊಡ್ತೀನಿ.”

ಸಿರಿಲ್ ಟಿಕೆಟ್ಟನ್ನು ನೋಡಿದ. ಮುಟ್ಟಲಿಲ್ಲ. “ಮೇಯರ್ ಪಕ್ಕ ಕೂತು ನಾನೇನು ಮಾತಾಡ್ಲಿ, ಡೊರೀನ್?”

“ಮಾತಾಡ್ಬೇಡಿ. ಆಟ ನೋಡಿ.”

“ಅವಳ ಕಂಬದ ಹತ್ರ ಯಾರೋ ನಿಂತಿರ್ತಾರೆ.”

ಡೊರೀನ್ ಕೈಚೀಲದ ಬಾಯಿ ಮುಚ್ಚಿದಳು. “ನಾನು ಕೇಳಿದೆ,” ಎಂದಳು. “ಒಬ್ಬ ಮುದುಕನನ್ನಾದ್ರೂ ಬಿಡಿ ಅಂತ ಕೇಳಿದೆ. ಆಗಲ್ಲ ಅಂದ್ರು.” ಹೋಗುವಾಗ ಅವನ ಭುಜ ಮುಟ್ಟಿ ಹೋದಳು. ಟಿಕೆಟ್ಟು ಮೇಜಿನ ಮೇಲೆಯೇ ಉಳಿಯಿತು.

ಆ ಭಾನುವಾರ ಚಾಪೆಲ್ಲಿನಲ್ಲಿ ಹನ್ನೊಂದು ಜನ ಸೇರಿದ್ದರು. ಪ್ರಾರ್ಥನೆ ನಡೆಸುವ ಸರದಿ ಸಿರಿಲನದು. ರೋಗಿಗಳನ್ನು, ಪ್ರಯಾಣದಲ್ಲಿರುವವರನ್ನು ನೆನೆದ ಮೇಲೆ ಸ್ವಲ್ಪ ತಡೆದ. ಊರೆಲ್ಲ ಒಂದೇ ಮಾತು ಆಡುತ್ತಿರುವಾಗ ದೇವರ ಮುಂದೆ ಅದನ್ನು ಮುಚ್ಚಿಡುವುದೂ ಸರಿಯಲ್ಲ ಎನ್ನಿಸಿತು. “ಕರ್ತನೇ, ಮುಂದೆ ನಡೆಯಲಿರುವ ಆಟದಲ್ಲಿ ಎರಡೂ ಕಡೆಯವರನ್ನು ಅಪಾಯದಿಂದ ಕಾಪಾಡು,” ಎಂದ. ಗೆಲುವು ಕೇಳಲಿಲ್ಲ. ಮಾರ್‌ಹ್ಯಾವನ್‌ನಲ್ಲೂ ಚಾಪೆಲ್‌ಗಳಿವೆ, ಅಲ್ಲಿಯೂ ಮಂಡಿಯೂರುವವರಿದ್ದಾರೆ.

ಕಣ್ಣು ಅರೆ ತೆರೆದಾಗ ಹಿಂದಿನ ಬೆಂಚಿನ ಈಡಿತ್ ಶಟಲ್‌ವರ್ತ್ ಕಂಡಳು. ಎಂಬತ್ತಾರು ವರ್ಷ, ಮೇವಿಸಳ ಪಕ್ಕದ ಮಗ್ಗದವಳು. ಎಲ್ಲರೂ ತಲೆ ಬಾಗಿಸಿದ್ದರೆ ಇವಳು ಮಾತ್ರ ನೇರ ಅವನನ್ನೇ ನೋಡುತ್ತ, ದನಿಯಿಲ್ಲದೆ, ತುಟಿಯನ್ನು ಗಿರಣಿಯಲ್ಲಿದ್ದಂತೆ ಅಗಲಿಸಿ ಹೇಳಿದಳು: “ಒಂದು ಗೋಲಾದ್ರೂ ಕೇಳೋ!”

ಸಿರಿಲ್ ಮತ್ತೆ ಕಣ್ಣು ಮುಚ್ಚಿದ. ‘ಆಮೆನ್’ ಎನ್ನುವ ಮೊದಲು ಬಹಳ ಹೊತ್ತು ಸುಮ್ಮನಿದ್ದ. ಆ ಮೌನದಲ್ಲಿ ಏನು ಕೇಳಿದ ಎಂದು ಈಡಿತ್ ಬಾಗಿಲ ಬಳಿ ಪೀಡಿಸಿದಳು, ಅವನು ಹೇಳಲಿಲ್ಲ.

ಮುಂದಿನ ವಾರಗಳಲ್ಲಿ ಊರಿಗೆ ಊರೇ ಮೈದಾನಕ್ಕೆ ಇಳಿಯಿತು. ಹಂಚಿನವರು ಸೂರಿನ ತೂತು ಮುಚ್ಚಿದರು, ಬಡಗಿಗಳು ಪತ್ರಿಕೆಯವರಿಗಾಗಿ ಹಲಗೆಯ ಮೇಜು ಮಾಡಿದರು, ಮಾಂಸದಂಗಡಿಯವನು ಕಿಟಕಿಯಲ್ಲಿ ಹಂದಿಯ ತಲೆಗೆ ಕ್ಲಬ್ಬಿನ ಕೆಂಪು ಶಾಲು ಸುತ್ತಿದ. ಕಂಬಿಗಳ ತುಕ್ಕು ಕೆರೆದು ಬಣ್ಣ ಹಚ್ಚಬೇಕೆಂದು ಸುರಕ್ಷತೆಯವರ ಆಜ್ಞೆಯಾಗಿತ್ತು. ಹೆರಾಲ್ಡ್ ಎರಡು ಡಬ್ಬಿ ಕೆಂಪು ಬಣ್ಣ ತಂದ. ಚಾಪೆಲ್ ತುದಿಗೆ ತಾನೇ ಹಚ್ಚುವೆನೆಂದು ಸಿರಿಲ್ ಬಂದ. ಅಂತ್ಯಕ್ರಿಯೆಯ ಬಳಿಕ ಮೈದಾನದೊಳಗೆ ಅವನ ಮೊದಲ ಹೆಜ್ಜೆ.

ಪಂದ್ಯಕ್ಕೆ ನಾಲ್ಕು ದಿನ ಉಳಿದಿತ್ತು. ಚಳಿಗೆ ಬಣ್ಣ ಜೇನಿನಂತೆ ಗಟ್ಟಿಯಾಗಿತ್ತು. ಒಂದೊಂದೇ ಕಂಬ ದಾಟಿ ಏಳನೆಯದರ ಬಳಿ ಬಂದಾಗ, ಕಂಬಿಯ ಮೇಲೆ ಎರಡು ಅಂಗೈ ಅಗಲ, ತುಕ್ಕೂ ಇಲ್ಲದೆ, ಹಳೆಯ ಬಣ್ಣವೂ ಇಲ್ಲದೆ, ಬರಿಯ ಕಬ್ಬಿಣ ಸವೆದು ಹೊಳೆಯುತ್ತಿತ್ತು. ಸಿರಿಲ್ ಬ್ರಶ್ಶನ್ನು ಡಬ್ಬಿಯ ಅಂಚಿಗೆ ಒರೆಸಿದ. ಮತ್ತೊಮ್ಮೆ ಒರೆಸಿದ. ಆಮೇಲೆ ಆ ಎರಡು ಅಂಗೈ ಜಾಗವನ್ನು ದಾಟಿ ಮುಂದಿನಿಂದ ಹಚ್ಚುತ್ತ ಹೋದ. ಹಿಂದೆ ಬಂದ ಹೆರಾಲ್ಡ್ ಅದನ್ನು ಕಂಡ. ಕೆರೆಯದ ಕಡೆ, ಹಚ್ಚದ ಕಡೆ ಬಾಯಿಗೆ ಬಂದಂತೆ ಬೈಯುವ ಮನುಷ್ಯ, ಈಗ ಡಬ್ಬಿಯ ಮುಚ್ಚಳವನ್ನಷ್ಟೇ ಹಾಕಿದ.

ಅಂದೇ ಸಂಜೆ ಕ್ಲಬ್ಬಿನಲ್ಲಿ ಕಾವಲು ಸ್ವಯಂಸೇವಕರಿಗೆ ಪಾಠವಿತ್ತು. ಸುರಕ್ಷತಾ ಅಧಿಕಾರಿ ಹಿಂದೆ ಪೊಲೀಸಿನಲ್ಲಿದ್ದವನು, ಕಡ್ಡಿ ಮುರಿದಂತೆ ಮಾತಾಡುವವನು.

“ಹಳದಿ ಕೋಟು ಹಾಕ್ಕೊಂಡ್ಮೇಲೆ ನೀವು ಅಭಿಮಾನಿಗಳಲ್ಲ. ಮೈದಾನದ ಅಂಚಲ್ಲಿ ನಿಲ್ಲೋರು ಜನರ ಕಡೆ ಮುಖ ಮಾಡಿ ನಿಲ್ಬೇಕು. ಆಟದ ಕಡೆ ಬೆನ್ನು. ಗೋಲು ಬಿದ್ರೂ ತಿರುಗೋ ಹಾಗಿಲ್ಲ. ಗೋಲು ಬಿದ್ದಾಗಂತೂ ತಿರುಗಲೇಬಾರದು. ಜನ ನುಗ್ಗೋದು ಆವಾಗ್ಲೇ. ಅರ್ಥ ಆಯ್ತಾ?”

ಗುಂಪಿನಲ್ಲಿ ಗೊಣಗಾಟ ಎದ್ದಿತು. “ಅಂದ್ರೆ ನಾವು ಪಂದ್ಯ ನೋಡೋ ಹಾಗೇ ಇಲ್ವಾ ಸರ್?”

“ನೋಡ್ಬೇಕಿದ್ರೆ ಟಿಕೆಟ್ ತಗೊಳ್ಳಿ.”

ಡೊರೀನ್ ಪಟ್ಟಿ ಹಿಡಿದು ಕೂತಿದ್ದಳು. ಗೇಟುಗಳಿಗೆ ಜನ ಸಿಕ್ಕರು, ದಾರಿಗಳಿಗೆ ಸಿಕ್ಕರು. ಚಾಪೆಲ್ ತುದಿಯ ಮುಂದೆ ನಿಲ್ಲಲು ಎಂಟು ಜನ ಬೇಕಾಗಿತ್ತು; ಏಳಕ್ಕೆ ಬಂದು ನಿಂತಿತು. “ಇನ್ನೊಬ್ರು ಸಿಗದಿದ್ರೆ ಸಾವಿರದ ಇನ್ನೂರನ್ನ ಎಂಟುನೂರಕ್ಕೆ ಇಳಿಸ್ತಾರೆ,” ಎಂದಳು. “ಮಾರ್‌ಹ್ಯಾವನ್‌ನವರಿಗೆ ಏನಂತ ಹೇಳ್ಲಿ? ಯಾರಾದ್ರೂ ಬನ್ರಪ್ಪಾ.” ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ನೂರಹತ್ತು ವರ್ಷಕ್ಕೆ ಬಂದ ಪಂದ್ಯಕ್ಕೆ ಬೆನ್ನು ಹಾಕುವವರು ಯಾರು?

ಹಿಂದಿನ ಕುರ್ಚಿಯಿಂದ ಒಂದು ಕೈ ಎದ್ದಿತು. ಬೆರಳ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣವಿತ್ತು.

“ಸಿರಿಲ್, ಬೇಡ,” ಎಂದಳು ಡೊರೀನ್.

ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. “ವಯಸ್ಸೆಷ್ಟು ನಿಮಗೆ?”

“ಎಪ್ಪತ್ತೆಂಟು. ಮಗ್ಗದ ಮೇಸ್ತ್ರಿಯಾಗಿದ್ದೆ. ಹತ್ತು ಗಂಟೆ ನಿಂತು ಅಭ್ಯಾಸ.”

“ಕಿವಿ ಕೇಳುತ್ತಾ?”

“ಅಷ್ಟಕ್ಕಷ್ಟೆ. ಕಣ್ಣು ಕಾಣುತ್ತೆ. ಅಷ್ಟು ದೂರದಲ್ಲಿ ನಿಮ್ಮ ಪಕ್ಕದವರ ಜೊತೆ ಪಿಸುಗುಟ್ಟಿದ್ರಲ್ಲ, ‘ಈ ಮುದುಕನ್ನ ಮನೆಗೆ ಕಳ್ಸು’ ಅಂತ, ಅದೂ ಕಾಣಿಸ್ತು.”

ಕೋಣೆ ನಕ್ಕಿತು. ಅಧಿಕಾರಿಯ ಕಿವಿ ಕೆಂಪಾಯಿತು. “ಆಯ್ತು, ಹಾಕಿ ಇವರನ್ನ,” ಎಂದ. ಏಳನೇ ಕಂಬದ ಎದುರು ಎಂದು ಡೊರೀನ್ ತಾನಾಗಿಯೇ ಬರೆದುಕೊಂಡಳು.

ಹೊರಗೆ ಬಂದ ಮೇಲೆ ಹೆರಾಲ್ಡ್ ತಡೆಯಲಾರದೆ ಹೇಳಿದ: “ತಲೆ ನೆಟ್ಟಗಿದೆಯೇನೋ ನಿಂಗೆ? ಮೇಯರ್ ಪಕ್ಕದ ಕುರ್ಚಿ ಬಿಟ್ಟು, ಮಾರ್‌ಹ್ಯಾವನ್‌ನವರ ಮೂತಿ ನೋಡ್ಕೊಂಡು ನಿಲ್ತೀಯಾ? ಅವಳು ಇದ್ದಿದ್ರೆ ನಿನ್ನ ಕಪಾಳಕ್ಕೆ ಬಿಡ್ತಿದ್ಲು. ಅವಳಿಗಿಂತ ಆಟದ ಹುಚ್ಚು ಯಾರಿಗಿತ್ತು?”

“ಇದ್ದಿದ್ರೆ ಅಲ್ಲೇ ನಿಂತಿರ್ತಿದ್ಲು. ನಾನು ಪಕ್ಕದಲ್ಲಿರ್ತಿದ್ದೆ.”

“ಇಲ್ವಲ್ಲೋ.”

“ಹೌದು. ಇಲ್ಲ,” ಎಂದ ಸಿರಿಲ್. ಕೋಟಿನ ಗುಂಡಿ ಹಾಕಿಕೊಂಡ. “ಟಿಕೆಟ್ಟು ನನ್ನ ಮೇಜಿನ ಮೇಲಿದೆ, ಈಡಿತ್‌ಗೆ ಕೊಡು. ಮೇಯರ್ ಜೊತೆ ಅವಳು ಚೆನ್ನಾಗಿ ಮಾತಾಡ್ತಾಳೆ.”

ಶನಿವಾರ ಬೆಳಿಗ್ಗೆ ನೆಲ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ನಸುಕಿನಿಂದಲೇ ನಲವತ್ತು ಜನ ಹುಲ್ಲಿನ ಮೇಲಿನ ಹೊದಿಕೆ ಎಳೆದು, ಗೋಲಿನ ಮುಂದಿನ ಗಟ್ಟಿ ನೆಲವನ್ನು ಕವೆಗೋಲಿನಿಂದ ಚುಚ್ಚಿದರು. ಹತ್ತೂವರೆಗೆ ರೆಫರಿ ಬಂದು ಹಿಮ್ಮಡಿಯಿಂದ ನೆಲ ಒತ್ತಿ ನೋಡಿ ತಲೆಯಾಡಿಸಿದ. ಆಟ ನಡೆಯುತ್ತದೆ! ಹೆರಾಲ್ಡ್ ಕವೆಗೋಲು ಹಿಡಿದುಕೊಂಡೇ ಕಣ್ಣು ಒರೆಸಿಕೊಂಡ. ಚಳಿಗೆ ನೀರು ಬಂತು ಎಂದ.

ಎರಡು ಗಂಟೆಗೆ ಚಾಪೆಲ್ ತುದಿಯ ಗೇಟು ತೆರೆಯಿತು. ನೀಲಿ ಶಾಲಿನ ಜನ ಒಳಬಂದರು. ಚಾಪೆಲ್ಲಿನ ಹೆಂಗಸರು ಅವರಿಗೆ ಬೇಲಿಯ ಮೇಲಿಂದ ಬಿಸಿ ಬಟಾಣಿ, ಮಾಂಸದ ಪೈ ಕೊಡುತ್ತಿದ್ದರು. “ತಿನ್ನಿ ಮಕ್ಳೇ, ಸೋತು ಹೋಗೋಕೂ ಶಕ್ತಿ ಬೇಕಲ್ಲ!” ಎಂದು ಒಬ್ಬಳು ಕೂಗಿದಳು. “ಅಜ್ಜಿ, ನಿಮ್ಮ ಗೋಲ್‌ಕೀಪರ್ ನಮ್ಮನೆಗೂ ಕಾಗದ ತರ್ತಾನಾ?” ಎಂದು ಒಬ್ಬ ತಿರುಗೇಟು ಕೊಟ್ಟ. ಸಿರಿಲ್ ಹಳದಿ ಕೋಟಿನಲ್ಲಿ, ಕಂಬಿಯಿಂದ ಮೂರು ಹೆಜ್ಜೆ ಈಚೆಗೆ, ಏಳನೆಯ ಕಂಬದ ಎದುರು ನಿಂತಿದ್ದ. ಮುಂದಿನ ಸಾಲು ತುಂಬುತ್ತ ಬಂತು. ಐದನೆಯ ಕಂಬ, ಎಂಟನೆಯದು, ಆರನೆಯದು. ಏಳರ ಬಳಿ ಮಾತ್ರ ಯಾಕೋ ಒಂದು ಆಳಿನಷ್ಟು ಜಾಗ ಉಳಿದಿತ್ತು. ಉಳಿಯಲಿ ಎಂದು ಅವನ ಮನಸ್ಸು ಬೇಡಿತು.

ಉಳಿಯಲಿಲ್ಲ. ತೆಳ್ಳನೆಯ ಎತ್ತರದ ಮುದುಕನೊಬ್ಬ, ಎಂಬತ್ತರ ಹತ್ತಿರದವನು, ಕೈಯಿಂದ ಹೆಣೆದ ಹಳೆಯ ನೀಲಿ ಶಾಲು ಹೊದ್ದವನು, ಮೆಟ್ಟಿಲಿಳಿದು ಬಂದ. ಕಂಬಿಯನ್ನು ಒಂದೆರಡು ಕಡೆ ಮುಟ್ಟಿ ಬೆರಳು ನೋಡಿಕೊಂಡ. ಬಣ್ಣ ಇನ್ನೂ ಅಂಟುತ್ತಿತ್ತು. ಆಮೇಲೆ ಬಣ್ಣವಿಲ್ಲದ ಜಾಗ ಕಂಡು, ಎರಡೂ ಕೈಗಳನ್ನು ಅಲ್ಲಿಯೇ ಇಟ್ಟು ನಿಂತ.

ಸಿರಿಲನ ಮೈಮೇಲೆ ಹಳದಿ ಕೋಟಿತ್ತು. ‘ಇಲ್ಲಿ ನಿಲ್ಲಬೇಡಿ, ಆಚೆ ಹೋಗಿ’ ಎಂದು ಒಂದು ಮಾತು ಹೇಳಿದರೆ ಸಾಕು, ಆ ಮನುಷ್ಯ ಹೋಗುತ್ತಿದ್ದ, ಕಾರಣವನ್ನೂ ಕೇಳುತ್ತಿರಲಿಲ್ಲ. ಸಿರಿಲ್ ಮೂರು ಹೆಜ್ಜೆ ಮುಂದೆ ಬಂದ.

ಮುದುಕ ಅವನ ಮುಖ ನೋಡಿದ. “ಇಲ್ಲಿ ನಿಲ್ಲಬಾರದಾ? ನನ್ನ ಮಂಡಿ ಸರಿಯಿಲ್ಲ, ಹಿಡ್ಕೊಳ್ಳೋಕೆ ಏನಾದ್ರೂ ಬೇಕು. ಇಷ್ಟು ಜಾಗಕ್ಕೆ ಬಣ್ಣ ಸಾಲ್ಲಿಲ್ವೇನು?”

“ಸಾಲ್ಲಿಲ್ಲ,” ಎಂದ ಸಿರಿಲ್. ಎರಡು ತಿಂಗಳಿಗೆ ಎರಡನೆಯ ಸುಳ್ಳು. “ನಿಂತ್ಕೊಳ್ಳಿ. ಇದು ಒಳ್ಳೇ ಜಾಗ. ಇಲ್ಲಿಂದ ಎಲ್ಲರ ಮುಖಾನೂ ಕಾಣುತ್ತೆ.”

“ನೀವು ಈ ಕಡೇನೇ ತಿರುಗಿ ನಿಲ್ಬೇಕಾ? ಪೂರ್ತಿ?”

“ಪೂರ್ತಿ.”

“ಪಾಪ,” ಎಂದ ಮುದುಕ. “ನನ್ನ ಹೆಸರು ಲೆನರ್ಡ್.”

ಮೂರು ಗಂಟೆಗೆ ಸೀಟಿ ಕೇಳಿಸಿತು. ಸಿರಿಲನ ಬೆನ್ನ ಹಿಂದೆ ನೂರಹತ್ತು ವರ್ಷ ಕಾದಿದ್ದ ಆಟ ಶುರುವಾಯಿತು. ಎದುರಿಗೆ ಸಾವಿರದ ಇನ್ನೂರು ಬಾಯಿಗಳು ಒಟ್ಟಿಗೆ ತೆರೆದವು. ತಗಡಿನ ಸೂರಿನ ಕೆಳಗೆ ಗದ್ದಲ ಉರುಳಾಡಿತು. ಅವನಿಗೆ ಒಂದು ಮಾತೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಇಂಥದೇ ಗದ್ದಲದಲ್ಲಿ ಅವನು ಬದುಕಿನ ಅರ್ಧ ಕಳೆದಿದ್ದ. ಇಂಥದರಲ್ಲೇ ಹೆಂಡತಿಯನ್ನು ಪಡೆದಿದ್ದ. ಕಣ್ಣುಗಳೆಲ್ಲ ಲಾಳಿಯಂತೆ ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿದ್ದವು. ಚೆಂಡು ಎಲ್ಲಿದೆಯೆಂದು ಅವು ಹೇಳುತ್ತಿದ್ದವು. ಉಳಿದದ್ದನ್ನು ತುಟಿಗಳು ಹೇಳಿದವು. ‘ಹೊಡಿ.’ ‘ಅವನನ್ನ ಬಿಡಬೇಡ.’ ‘ಯಾರಪ್ಪಾ ಆ ಹಂಚಿನವನು, ಎತ್ತಿನ ಹಾಗೆ ನುಗ್ತಾನೆ.’ ಸಿರಿಲನಿಗೆ ನಗು ಬಂತು. ಹಂಚಿನವನು ಚೆನ್ನಾಗಿ ಆಡುತ್ತಿದ್ದಾನೆ.

ಇಪ್ಪತ್ತು ನಿಮಿಷ ಕಳೆಯಿತು. ಲೆನರ್ಡ್ ಮಾತ್ರ ಹಾಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಅವನ ತುಟಿ ಸಣ್ಣಗೆ ಅಲುಗುತ್ತಿತ್ತು. ಸಿರಿಲ್ ಗಮನವಿಟ್ಟು ಓದಿದ. ‘ದೇವರೇ, ಇವತ್ತು ಬೇಡ. ಇವರ ಕೈಲಿ ಬೇಡ. ಈ ವರ್ಷ ಸಾಕಷ್ಟು ಕೊಟ್ಟಿದೀಯ.’ ಸಿರಿಲ್ ಕಣ್ಣು ತಗ್ಗಿಸಿದ. ಇನ್ನೊಬ್ಬನ ಪ್ರಾರ್ಥನೆಯನ್ನು ಕದ್ದು ಓದಿದಂತಾಗಿತ್ತು. ಈ ವರ್ಷ ದೇವರು ಈ ಮನುಷ್ಯನಿಗೆ ಏನು ಕೊಟ್ಟಿದ್ದನೋ. ಕೈಯಿಂದ ಹೆಣೆದ ಆ ಶಾಲಿನ ತುದಿಯಲ್ಲಿ ಹೆಣಿಗೆ ಬಿಚ್ಚಿತ್ತು. ಯಾರೂ ಅದನ್ನು ಮತ್ತೆ ಹಾಕಿರಲಿಲ್ಲ.

ತಲೆಯೆತ್ತಿದಾಗ ಕಣ್ಣುಗಳೆಲ್ಲ ಆಚೆ ತುದಿಯ ಒಂದು ಮೂಲೆಯಲ್ಲಿ ನಿಂತಿದ್ದವು. ಕಾರ್ನರ್. ಕ್ರೇಕನ್‌ಶಾದ ಕಾರ್ನರ್. ಕಣ್ಣುಗಳು ಮೇಲೇರಿದವು, ಬಾಗಿ ಇಳಿದವು. ಆಗ ಅವನ ಜೀವಮಾನದಲ್ಲಿ ಕಾಣದ್ದನ್ನು ಸಿರಿಲ್ ಕಂಡ: ಸಾವಿರದ ಇನ್ನೂರು ಬಾಯಿಗಳು ತೆರೆದಂತೆಯೇ ನಿಂತುಹೋದವು. ಒಂದು ಕ್ಷಣ, ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಂಥ ನಿಶ್ಶಬ್ದ. ಮರುಕ್ಷಣ ಬೆನ್ನ ಹಿಂದಿನಿಂದ ಅವನ ಊರು ಅವನ ಮೇಲೆ ಬಿದ್ದಿತು. ಅಂಥ ಕೂಗನ್ನು ಅವನು ಕೇಳಿರಲಿಲ್ಲ. ಅದು ಬೂಟಿನ ಅಡಿಯಿಂದ ಮೈಗೆ ಏರಿತು.

ಅವನ ಪಕ್ಕದ ಹಳದಿ ಕೋಟಿನವನು ತಿರುಗಿಯೇಬಿಟ್ಟ. ಆಚೆಯವನೂ ತಿರುಗಿದ. ತಿರುಗಿದರೆ ಮೇವಿಸಳ ಈ ಜಾಗ ಕಣ್ಣಿಂದ ಹೋಗುತ್ತದೆ. ಸಿರಿಲ್ ತಿರುಗಲಿಲ್ಲ.

ಲೆನರ್ಡ್ ಕಂಬಿಯ ಮೇಲೆ ತಲೆ ತಗ್ಗಿಸಿದ್ದವನು ನಿಧಾನ ಎತ್ತಿದ. ಎದುರಿನ ಮುದುಕನನ್ನು ನೋಡಿದ. ಆ ಮುದುಕನ ಕಣ್ಣಲ್ಲಿ ನೀರು ಇಳಿಯುತ್ತಿದ್ದದ್ದನ್ನೂ, ಅವನು ತಿರುಗದೆ ನಿಂತದ್ದನ್ನೂ ನೋಡಿದ. ಆ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲವೆಂದು, ಬಾಯನ್ನು ದೊಡ್ಡದಾಗಿ ಆಡಿಸಿ, ತನ್ನ ಹಣೆ ಮುಟ್ಟಿ ತೋರಿಸಿ, ಹೇಳಿದ: “ತಲೆಯಿಂದ. ನಿಮ್ಮ ಒಂಬತ್ತನೇ ನಂಬರ್. ಒಳ್ಳೇ ಗೋಲು. ತುಂಬಾ ಒಳ್ಳೇ ಗೋಲು.”

ಹಂಚಿನವನು. ಸಿರಿಲ್ ತಲೆಯಾಡಿಸಿದ. ಕುರ್ಚಿ ಸಾಲಿನಲ್ಲಿ ಮೇಯರ್ ಪಕ್ಕ ಈಡಿತ್ ಈಗ ಏನು ಮಾಡುತ್ತಿರಬಹುದು! ಆ ಭಾನುವಾರದ ಮೌನದಲ್ಲಿ ತಾನು ಏನು ಕೇಳಿದ್ದೆ ಎಂಬುದು ಇನ್ನು ಅವಳಿಗೆ ತಿಳಿದುಹೋಯಿತು.

ಉಳಿದ ಎಪ್ಪತ್ತು ನಿಮಿಷಗಳಲ್ಲಿ ಮಾರ್‌ಹ್ಯಾವನ್ ಎರಡು ಗೋಲು ಹೊಡೆದು ಗೆದ್ದಿತು. ದೊಡ್ಡವರು ದೊಡ್ಡವರೇ. ಆ ಎರಡು ಗೋಲುಗಳನ್ನೂ ಲೆನರ್ಡನೇ ತುಟಿಯಿಂದ ಹೇಳಿದ, ಮೊದಲನೆಯದನ್ನು ಸಂಕೋಚದಿಂದ, ಎರಡನೆಯದನ್ನು ಹೇಳುವಾಗ “ಕ್ಷಮಿಸಿ” ಎಂದೂ ಸೇರಿಸಿ. ಆದರೆ ಅದೆಲ್ಲ ಆಮೇಲೆ. ಈಗಿನ್ನೂ ಕ್ರೇಕನ್‌ಶಾ ಮುಂದಿತ್ತು, ಊರು ಕೂಗುತ್ತಲೇ ಇತ್ತು.

“ಒಂದ್ಸಲ ತಿರುಗಿ ನೋಡಿ,” ಎಂದಿತು ಲೆನರ್ಡನ ತುಟಿ. “ಕುಣೀತಾ ಇದಾರೆ. ನಾನು ಯಾರಿಗೂ ಹೇಳಲ್ಲ.”

ಸಿರಿಲ್ ಬೇಡವೆಂದು ತಲೆಯಾಡಿಸಿದ. ಸವೆದ ಕಬ್ಬಿಣವನ್ನು ಹಿಡಿದ ಆ ಎರಡು ಮುದಿ ಕೈಗಳ ಮೇಲೆ ಅವನ ದೃಷ್ಟಿಯಿತ್ತು. ಗಿರಣಿಯ ದಿನಗಳಂತೆ, ದನಿಯಿಲ್ಲದೆ, ತುಟಿಯನ್ನು ಅಗಲಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

“ನೋಡ್ತಾ ಇದೀನಿ. ಗೆಲ್ತಾ ಇದೀವಿ.”

ಮೊದಲನೆಯ ಮಾತು ಲೆನರ್ಡನಿಗೆ. ಎರಡನೆಯದು ಅವನಿಗಲ್ಲ; ಈ ಸಲ ಅದು ಸುಳ್ಳೂ ಅಲ್ಲ.